ಓದುಗರ ಪ್ರಶ್ನೆಗಳಿಗೆ ಉತ್ತರ: ಸೈಕಲ್ ಸ್ಪರ್ಧೆಗೆ ಕೈಜೋಡಿಸುವವರಿಗೆ

ಈ ಬಾರಿ ಕೊಪ್ಪಳ ಜಿಲ್ಲೆಯಿಂದ ಬಂದ ನಾಲ್ಕು ಪತ್ರಗಳು ಸೈಕಲ್ ಸ್ಪರ್ಧೆಗಳನ್ನು ನಡೆಸುವ ಕೆಲಸಕ್ಕೇ ಸಂಬಂಧಿಸಿರುವುದರಿಂದ, ಅವುಗಳನ್ನು ಒಟ್ಟಿಗೆ ಎತ್ತಿಕೊಂಡು ಉತ್ತರಿಸಲಾಗಿದೆ.

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನನ್ನ ಮೊಮ್ಮಗಳು ನಮ್ಮೂರಿನ ಸೈಕಲ್ ಕ್ಲಬ್ಬಿನಲ್ಲಿ ತರಬೇತಿ ಪಡೆಯುತ್ತಿದ್ದಾಳೆ. ಮುಂದಿನ ತಿಂಗಳು ಕ್ಲಬ್ಬಿನವರು ಇಪ್ಪತ್ತು ಕಿಲೋಮೀಟರಿನ ಸ್ಪರ್ಧೆಯೊಂದನ್ನು ನಡೆಸಲಿದ್ದು, ಪೋಷಕರು ಸ್ವಯಂಸೇವಕರಾಗಿ ಬರಬೇಕೆಂದು ಕೇಳಿಕೊಂಡಿದ್ದಾರೆ. ನನಗೆ ಸೈಕಲ್ ಹತ್ತಲು ಬರುವುದಿಲ್ಲ, ಈ ಕ್ರೀಡೆಯ ನಿಯಮಗಳೂ ತಿಳಿದಿಲ್ಲ. ನಾನು ಹೋದರೆ ಅವರಿಗೆ ಭಾರವಾಗುವುದಿಲ್ಲವೇ? ನಾನು ನಿಂತ ಜಾಗದಲ್ಲಿಯೇ ಮಕ್ಕಳು ಬಿದ್ದರೆ ಏನು ಮಾಡಬೇಕು?
— ಓದುಗರು, ಕೊಪ್ಪಳ

ಉತ್ತರ: ಖಂಡಿತವಾಗಿ ಹೋಗಿ. ಸ್ಪರ್ಧೆಗೆ ಹೆಸರು ಕೊಡುವ ಸವಾರರು ಹೇಗಾದರೂ ಸಿಗುತ್ತಾರೆ. ಕ್ಲಬ್ಬುಗಳಿಗೆ ಸದಾ ಕೊರತೆಯಾಗುವುದು ರಸ್ತೆಯ ಬದಿಯಲ್ಲಿ ನಿಲ್ಲುವವರದ್ದು ಮತ್ತು ಮೇಜಿನ ಮುಂದೆ ಕುಳಿತು ಬರೆಯುವವರದ್ದು. ಗವಿಮಠದ ಜಾತ್ರೆಯ ಮಹಾದಾಸೋಹದಲ್ಲಿ ಬಡಿಸಲು ನಿಂತವರು ಕೊನೆಯ ಪಂಕ್ತಿ ಏಳುವವರೆಗೆ ಹೇಗೆ ಜಾಗ ಬಿಡುವುದಿಲ್ಲವೋ, ಸ್ಪರ್ಧೆಯ ಬೆಳಿಗ್ಗೆ ನಿಮ್ಮಿಂದ ಅಪೇಕ್ಷಿಸುವುದೂ ಅಷ್ಟನ್ನೇ: ಒಪ್ಪಿಸಿದ ಜಾಗದಲ್ಲಿ, ಒಪ್ಪಿಸಿದ ಒಂದೇ ಕೆಲಸವನ್ನು, ಕೊನೆಯ ಸವಾರ ದಾಟಿ ಹೋಗುವವರೆಗೆ ಮಾಡುವುದು. ಇದಕ್ಕೆ ಸೈಕಲ್ ತುಳಿಯಲು ಬರಬೇಕಾಗಿಲ್ಲ.

ನೀವು ಹೇಳಿರುವ ದೂರವನ್ನು ನೋಡಿದರೆ ಅದು ವೈಯಕ್ತಿಕ ಟೈಮ್ ಟ್ರಯಲ್ ಇರಬಹುದು. ಅದರಲ್ಲಿ ಸವಾರರು ಒಟ್ಟಿಗೆ ಹೊರಡುವುದಿಲ್ಲ; ಒಬ್ಬೊಬ್ಬರಾಗಿ, ಸಾಮಾನ್ಯವಾಗಿ ಒಂದೊಂದು ನಿಮಿಷದ ಅಂತರದಲ್ಲಿ ಹೊರಟು, ಗಡಿಯಾರದ ವಿರುದ್ಧ ಓಡುತ್ತಾರೆ. ನಲವತ್ತು ಸವಾರರಿದ್ದರೆ ಕೊನೆಯವರು ಹೊರಡುವ ಹೊತ್ತಿಗೆ ಮೊದಲನೆಯವರು ಹೊರಟು 39 ನಿಮಿಷ ಕಳೆದಿರುತ್ತದೆ, ಮತ್ತು ಆ ಕೊನೆಯವರು ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಬಂದರೆ ಅವರಿಗೆ ಇನ್ನೂ 50 ನಿಮಿಷ ಬೇಕು. ಹೀಗಾಗಿ ಸ್ಪರ್ಧೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆಂದು ಭಾವಿಸಿ ಬಂದವರು ಒಂದೂವರೆ ಗಂಟೆ ನಿಲ್ಲಬೇಕಾಗುತ್ತದೆ. ವೇಗದ ಸವಾರರೆಲ್ಲ ಹೋದ ಮೇಲೆ ರಸ್ತೆ ಖಾಲಿಯಾದಂತೆ ಕಾಣುವುದರಿಂದ ಬಹಳ ಮಂದಿ ಆಗಲೇ ಜಾಗ ಬಿಟ್ಟು ಹೊರಡುತ್ತಾರೆ. ಹಿಂದೆ ಉಳಿದವರು ಹೆಚ್ಚಾಗಿ ಹೊಸಬರು, ಚಿಕ್ಕವರು, ದಾರಿ ತಪ್ಪುವ ಸಾಧ್ಯತೆಯುಳ್ಳವರು. ತಿರುವಿನಲ್ಲಿ ನಿಂತವರ ಅಗತ್ಯ ಅವರಿಗೇ ಎಲ್ಲರಿಗಿಂತ ಹೆಚ್ಚು.

ನಿಮಗೆ ಹೊಂದುವ ಕೆಲಸ ಯಾವುದೆಂದು ಕೇಳಿದರೆ, ರಸ್ತೆಯ ಮಧ್ಯೆ ಶಂಕುವನ್ನಿಟ್ಟು ಸವಾರರನ್ನು ಹಿಂದಕ್ಕೆ ತಿರುಗಿಸುವ ಜಾಗವನ್ನು ನಾನು ಸೂಚಿಸುತ್ತೇನೆ. ಹೋಗಿ ಬರುವ ಮಾರ್ಗದ ಸ್ಪರ್ಧೆಯಲ್ಲಿ ಪ್ರತಿಯೊಬ್ಬರೂ ಆ ಶಂಕುವನ್ನು ಸುತ್ತಿ ಬಂದಿದ್ದಾರೆಂಬುದಕ್ಕೆ ಅಲ್ಲಿ ಬರೆದಿಟ್ಟ ಪಟ್ಟಿಯೇ ಸಾಕ್ಷಿ. ಸವಾರರು ಅಲ್ಲಿ ನಡಿಗೆಯ ವೇಗಕ್ಕೆ ಇಳಿಯುವುದರಿಂದ ಬೆನ್ನಿನ ಕೆಳಭಾಗದಲ್ಲಿ ಪಿನ್ನು ಚುಚ್ಚಿದ ಸಂಖ್ಯೆಯನ್ನು ಓದುವುದು ಸುಲಭ. ತರಗತಿಯಲ್ಲಿ ಹಾಜರಿ ಹಿಡಿದ ಕೈಗೆ ಈ ಕೆಲಸ ಹೊಸದೇನೂ ಆಗದು. ಆದರೆ ಸಂಖ್ಯೆಗಳನ್ನು ಬಂದ ಕ್ರಮದಲ್ಲಿಯೇ ಬರೆಯಬೇಕು. ಮೊದಲೇ ಮುದ್ರಿಸಿದ ಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋದರೆ, ಯಾರು ಯಾರನ್ನು ಹಿಂದೆ ಹಾಕಿದರು ಎಂಬುದು ಕಳೆದುಹೋಗುತ್ತದೆ. ಪೆನ್ನಿನ ಜೊತೆಗೆ ಒಂದು ಪೆನ್ಸಿಲನ್ನೂ ಇಟ್ಟುಕೊಳ್ಳಿ, ಬೆವರಿದ ಕಾಗದದ ಮೇಲೆ ಪೆನ್ನು ಓಡುವುದಿಲ್ಲ.

ಒಂದು ವೇಳೆ ನಿಮ್ಮನ್ನು ತಿರುವಿನಲ್ಲಿ ನಿಲ್ಲಿಸಿದರೆ, ಎಲ್ಲಿ ನಿಲ್ಲಬೇಕೆಂಬುದನ್ನು ನೀವೇ ತಿಳಿದುಕೊಂಡಿರುವುದು ಒಳ್ಳೆಯದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಸವಾರ ಒಂದು ಸೆಕೆಂಡಿಗೆ 11 ಮೀಟರ್ ಕ್ರಮಿಸುತ್ತಾನೆ, ಎಂದರೆ ನೀವು ಬಾಯಿ ತೆರೆದು ಮೂರು ಪದ ಹೇಳುವಷ್ಟರಲ್ಲಿ ಆತ ಮುಂದೆ ಸಾಗಿಬಿಟ್ಟಿರುತ್ತಾನೆ. ಆದ್ದರಿಂದ ಮಾತಿನಿಂದ ದಾರಿ ಹೇಳಲು ಪ್ರಯತ್ನಿಸದೆ, ಸವಾರರಿಗೆ ದೂರದಿಂದಲೇ ಕಾಣುವಂತೆ ತಿರುವಿಗಿಂತ ಸಾಕಷ್ಟು ಮೊದಲೇ ನಿಂತು, ಇಡೀ ತೋಳನ್ನು ಚಾಚಿ ದಿಕ್ಕು ತೋರಿಸಿ. ಹಳದಿ ಬಾವುಟವನ್ನು ಬೀಸುತ್ತಾ ಸೀಟಿ ಊದಿದರೆ ಮುಂದೆ ಅಪಾಯವಿದೆ ಎಂದು ಅಭ್ಯಾಸವಿರುವ ಸವಾರರು ಅರ್ಥ ಮಾಡಿಕೊಳ್ಳುತ್ತಾರೆ. ಅದಕ್ಕಾಗಿಯೇ ಬರೀ ಹುರಿದುಂಬಿಸಲು ಸೀಟಿ ಊದಬಾರದು. ತಿರುವಿನ ಹೊರಮಗ್ಗುಲಲ್ಲಿ ಮಾತ್ರ ಎಂದಿಗೂ ನಿಲ್ಲಬೇಡಿ. ಹಿಡಿತ ತಪ್ಪಿದ ಸೈಕಲ್ ಜಾರಿ ಬರುವುದು ಆ ಕಡೆಗೇ. ಹಿಂದಿನ ದಿನ ಸಂಜೆ ಅಥವಾ ಆ ದಿನ ನಸುಕಿನಲ್ಲಿ ಒಂದು ಕಸಬರಿಗೆ ಹಿಡಿದು ತಿರುವಿನಲ್ಲಿ ಚೆಲ್ಲಿರುವ ಮುರಂ ಮತ್ತು ಸಣ್ಣ ಜಲ್ಲಿಯನ್ನು ಗುಡಿಸಿಬಿಟ್ಟರೆ, ಆ ಹತ್ತು ನಿಮಿಷದ ಕೆಲಸ ಎಷ್ಟೋ ಮೊಣಕೈ ಮೊಣಕಾಲುಗಳನ್ನು ಉಳಿಸುತ್ತದೆ.

ಇನ್ನು ನಿಮ್ಮ ಭಯದ ವಿಷಯ. ಯಾರಾದರೂ ಬಿದ್ದಾಗ ಎಲ್ಲರೂ ಬಿದ್ದವರ ಕಡೆಗೇ ಓಡುವುದು ಸಹಜ, ಆದರೆ ಹಿಂದಿನಿಂದ ಇನ್ನೊಬ್ಬ ಸವಾರ ಅದೇ ವೇಗದಲ್ಲಿ ಬರುತ್ತಿರುತ್ತಾನೆಂಬುದನ್ನು ಮರೆಯಬಾರದು. ಇಬ್ಬರಿದ್ದರೆ ಒಬ್ಬರು ಬಾವುಟ ಹಿಡಿದು ಬರುವವರ ಕಡೆಗೆ ಐವತ್ತು ಹೆಜ್ಜೆಯಾದರೂ ಹಿಂದಕ್ಕೆ ಹೋಗಿ ಎಚ್ಚರಿಸಬೇಕು, ಇನ್ನೊಬ್ಬರು ಬಿದ್ದವರ ಬಳಿ ಇರಬೇಕು. ಈ ಕಾರಣಕ್ಕಾಗಿಯೇ ಒಂದೊಂದು ತಿರುವಿಗೆ ಇಬ್ಬರನ್ನು ನಿಲ್ಲಿಸುವಂತೆ ಕ್ಲಬ್ಬಿನವರನ್ನು ಒತ್ತಾಯಿಸಿ. ಬಿದ್ದವರು ತಾವಾಗಿಯೇ ಎದ್ದು ಕುಳಿತರೆ ಸರಿ. ತಲೆಗೋ ಕುತ್ತಿಗೆಗೋ ಪೆಟ್ಟಾಗಿದೆ ಎಂಬ ಅನುಮಾನವಿದ್ದರೆ ಅವರನ್ನು ಎತ್ತಬೇಡಿ, ಹೆಲ್ಮೆಟ್ ಕಳಚಬೇಡಿ, ನೀರು ಕುಡಿಸಬೇಡಿ. ಅಲುಗಾಡದಂತೆ ಮಾತನಾಡಿಸುತ್ತಾ 108ಕ್ಕೆ ಕರೆ ಮಾಡಿ. ಕರೆ ಮಾಡುವಾಗ ಗಾಬರಿಯಲ್ಲಿ ಜಾಗ ಹೇಳಲು ತೋಚುವುದಿಲ್ಲ, ಆದ್ದರಿಂದ ನೀವು ನಿಂತಿರುವ ಊರಿನ ಹೆಸರು, ಹತ್ತಿರದ ಶಾಲೆ ಅಥವಾ ಗುಡಿ, ಕಿಲೋಮೀಟರ್ ಕಲ್ಲಿನ ಸಂಖ್ಯೆ ಇವುಗಳನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೋಟಾರು ವಾಹನ ತಗುಲಿ ಅಪಘಾತವಾಗಿದ್ದಲ್ಲಿ, ಗಾಯಾಳುವಿಗೆ ಸದ್ಭಾವನೆಯಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡದಂತೆ 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮು ರಕ್ಷಣೆ ಕೊಡುತ್ತದೆ. ಪೊಲೀಸು, ಕೋರ್ಟು ಎಂದು ಹೆದರಿ ಹಿಂಜರಿಯುವ ಅಗತ್ಯವಿಲ್ಲ.

ನಿಮ್ಮ ಆರೋಗ್ಯದ ಕಡೆಗೂ ಗಮನವಿರಲಿ. ನಮ್ಮ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬೆಳಿಗ್ಗೆ ಎಂಟು ಗಂಟೆಗೇ ಡಾಂಬರು ಕಾಯಲಾರಂಭಿಸುತ್ತದೆ. ಸವಾರರಿಗಾಗಿ ಇಟ್ಟ ನೀರನ್ನು ಮುಟ್ಟಲು ಸಂಕೋಚಪಟ್ಟು ಬಾಯಾರಿ ನಿಲ್ಲುವ ಸ್ವಯಂಸೇವಕರು ಬಹಳ ಮಂದಿ ಇರುವುದರಿಂದ, ನಿಮ್ಮದೇ ನೀರು, ಟೋಪಿ ಮತ್ತು ಒಂದು ಮಡಚುವ ಕುರ್ಚಿಯನ್ನು ಒಯ್ಯಿರಿ. ಒಂದು ಲೀಟರ್ ನೀರಿಗೆ ಒಂದು ಪೊಟ್ಟಣದಂತೆ ಓಆರ್‌ಎಸ್ ಕಲಸಿಟ್ಟುಕೊಂಡರೆ ನಿಮಗೂ ಆಯಿತು, ಸೋತು ಬಂದ ಸವಾರರಿಗೂ ಆಯಿತು.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಕಳೆದ ಡಿಸೆಂಬರಿನಲ್ಲಿ ನಮ್ಮ ಭಾಗದ ಸೈಕಲ್ ಸ್ಪರ್ಧೆಯೊಂದರಲ್ಲಿ ನನ್ನನ್ನು ಅಡ್ಡರಸ್ತೆಯ ಬಳಿ ನಿಲ್ಲಿಸಿದ್ದರು. ಸವಾರರು ಬರುತ್ತಿದ್ದಾಗ ಒಂದು ಬೈಕನ್ನು ತಡೆಯಲು ಹೋದೆ. ಆತ ‘ನೀನ್ಯಾರು ನನ್ನನ್ನು ನಿಲ್ಲಿಸಲು’ ಎಂದು ಜಗಳಕ್ಕೇ ಬಂದ. ಸ್ವಲ್ಪ ಮುಂದೆ ರಸ್ತೆಯ ಅರ್ಧ ಭಾಗದಲ್ಲಿ ಭತ್ತ ಒಣಹಾಕಿದ್ದರಿಂದ ಇಬ್ಬರು ಸವಾರರು ಜಾರಿಬಿದ್ದರು. ಸ್ವಯಂಸೇವಕರಿಗೆ ವಾಹನ ತಡೆಯುವ ಅಧಿಕಾರವಿದೆಯೇ? ರೈತರಿಗೆ ಹೇಳುವುದು ಹೇಗೆ?
— ಓದುಗರು, ಗಂಗಾವತಿ

ಉತ್ತರ: ಅಧಿಕಾರವಿಲ್ಲ. ಸಂಚಾರವನ್ನು ತಡೆದು ನಿಲ್ಲಿಸುವುದು ಸಮವಸ್ತ್ರದಲ್ಲಿರುವ ಪೊಲೀಸರ ಕೆಲಸ. ಪ್ರತಿಫಲಕ ಜಾಕೆಟ್ ತೊಟ್ಟ ಮಾತ್ರಕ್ಕೆ ಅದು ನಮಗೆ ಬರುವುದಿಲ್ಲ. ಸ್ವಯಂಸೇವಕ ಮಾಡಬಹುದಾದದ್ದು ವಿನಂತಿ. ‘ಅಣ್ಣಾ, ಸೈಕಲ್ ರೇಸ್ ಬರತೈತಿ, ಒಂದು ನಿಮಿಷ ನಿಲ್ರಿ’ ಎಂದು ಕೈಮುಗಿದು ಕೇಳಿದರೆ ಹೆಚ್ಚಿನವರು ನಿಲ್ಲುತ್ತಾರೆ, ನಿಂತು ನೋಡುತ್ತಾರೆ ಕೂಡ. ನಿಲ್ಲದವರೊಡನೆ ವಾದಕ್ಕಿಳಿಯಬೇಡಿ. ಅವರ ಕಡೆಗೆ ಮುಖ ಮಾಡಿ ಮಾತು ಬೆಳೆಸಿದಷ್ಟು ಹೊತ್ತು ನಿಮ್ಮ ಬೆನ್ನು ಸವಾರರ ಕಡೆಗಿರುತ್ತದೆ, ಅಪಾಯ ಇರುವುದೇ ಅಲ್ಲಿ. ವಾಹನ ನುಗ್ಗಿತೆಂದರೆ ತಕ್ಷಣ ಸವಾರರ ಕಡೆಗೆ ತಿರುಗಿ, ಸೀಟಿ ಊದಿ, ಬಾವುಟ ಬೀಸಿ ಅವರ ವೇಗ ತಗ್ಗಿಸಿ. ವಾಹನವನ್ನು ನಿಲ್ಲಿಸಲಾಗದಿದ್ದಾಗ ಸ್ಪರ್ಧೆಯನ್ನೇ ನಿಧಾನಿಸುವುದು ಸರಿಯಾದ ಕ್ರಮ. ಇದರಿಂದ ಯಾರದೋ ನಾಲ್ಕು ಸೆಕೆಂಡು ಹಾಳಾದರೆ ಆಗಲಿ.

ನಿಮ್ಮ ಪತ್ರವನ್ನು ಓದಿದಾಗ ನನಗೆ ಹೆಚ್ಚು ಕಾಡಿದ್ದು ಆ ಅಡ್ಡರಸ್ತೆಯಲ್ಲಿ ಪೊಲೀಸರೊಬ್ಬರೂ ಇರಲಿಲ್ಲವೆಂಬುದು. ರಸ್ತೆಯ ಮೇಲೆ ಸ್ಪರ್ಧೆ ನಡೆಸುವ ಸಂಘಟಕರು ಮಾರ್ಗದ ನಕ್ಷೆ, ಆರಂಭ ಮತ್ತು ಮುಕ್ತಾಯದ ಸಮಯ, ಸವಾರರ ಸಂಖ್ಯೆ, ಪ್ರತಿ ಅಡ್ಡರಸ್ತೆಯಲ್ಲಿ ನಿಲ್ಲುವವರ ವಿವರ ಇವೆಲ್ಲವನ್ನೂ ಸೇರಿಸಿ ಪೊಲೀಸ್ ಇಲಾಖೆಗೆ ಮುಂಚಿತವಾಗಿ ಅರ್ಜಿ ಕೊಟ್ಟು ಲಿಖಿತ ಅನುಮತಿ ಪಡೆದಿರಬೇಕು, ದೊಡ್ಡ ಅಡ್ಡರಸ್ತೆಗಳಿಗೆ ಸಿಬ್ಬಂದಿಯನ್ನು ಕೇಳಿರಬೇಕು. ಸ್ವಯಂಸೇವಕರಾಗಿ ಹೋಗುವವರು ಆ ಅನುಮತಿ ಪತ್ರದ ಪ್ರತಿಯನ್ನು ಕೇಳಿ ಪಡೆದು ಜೇಬಿನಲ್ಲಿಟ್ಟುಕೊಳ್ಳಿ. ಅನುಮತಿ ಇಲ್ಲವೆಂದು ತಿಳಿದರೆ ನಯವಾಗಿಯೇ, ಆದರೆ ಖಚಿತವಾಗಿ, ನಿಲ್ಲಲು ಒಪ್ಪಬೇಡಿ. ವಯಸ್ಸಿನಲ್ಲಿ ಚಿಕ್ಕವರಾದ ನಿಮಗೆ ಹಿರಿಯರ ಎದುರು ಇದನ್ನು ಹೇಳುವುದು ಕಷ್ಟವೆಂದು ನಾನು ಬಲ್ಲೆ, ಆದರೂ ಹೇಳಬೇಕು.

ಭತ್ತದ ವಿಷಯದಲ್ಲಿ ತಪ್ಪು ರೈತರದ್ದೆಂದು ನಾನು ಹೇಳಲಾರೆ. ರಸ್ತೆಯ ಮೇಲೆ ಕಾಳು ಹರಡುವುದು ವಾಹನಗಳಿಗೂ ಅಪಾಯವೆಂಬುದು ನಿಜ. ಆದರೆ ತುಂಗಭದ್ರೆಯ ಎಡದಂಡೆ ನಾಲೆಯ ಊರುಗಳಲ್ಲಿ ನವೆಂಬರ್–ಡಿಸೆಂಬರ್ ಮತ್ತು ಏಪ್ರಿಲ್–ಮೇ ಎಂದರೆ ಕಟಾವಿನ ಕಾಲ, ಒಣಗಿಸಲು ಕಣವಿಲ್ಲದವರು ಡಾಂಬರು ರಸ್ತೆಯನ್ನೇ ನೆಚ್ಚಿಕೊಳ್ಳುತ್ತಾರೆಂಬುದು ಈ ಭಾಗದಲ್ಲಿ ಹುಟ್ಟಿ ಬೆಳೆದ ಸಂಘಟಕರಿಗೆ ತಿಳಿಯದ ಸಂಗತಿಯಲ್ಲ. ಆ ತಿಂಗಳುಗಳಲ್ಲಿ ಕಟಾವು ಯಂತ್ರಗಳು, ಚೀಲ ಹೇರಿದ ಟ್ರ್ಯಾಕ್ಟರುಗಳು ಬೆಳಗಿನಿಂದಲೇ ರಸ್ತೆಯಲ್ಲಿರುತ್ತವೆ. ಸ್ಪರ್ಧೆಯ ದಿನಾಂಕವನ್ನೇ ಬದಲಿಸುವುದು ಉತ್ತಮ. ಅದು ಸಾಧ್ಯವಾಗದಿದ್ದರೆ ಮೂರ್ನಾಲ್ಕು ದಿನ ಮೊದಲೇ ಊರಿಗೆ ಹೋಗಿ, ಪಂಚಾಯಿತಿ ಸದಸ್ಯರನ್ನು ಕಂಡು, ಭತ್ತ ಹಾಕಿದ ಮನೆಯವರನ್ನು ನೇರವಾಗಿ ಮಾತನಾಡಿಸಿ, ಆ ಒಂದು ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ ಹರಡದಿರುವಂತೆ ಕೇಳಿಕೊಳ್ಳಿ. ಹರಡಿದ್ದನ್ನು ಬಳಿದು ಪಕ್ಕಕ್ಕೆ ಹಾಕಲು ಕ್ಲಬ್ಬಿನ ಹುಡುಗರೇ ಕೈಹಚ್ಚಿದರೆ ಮಾತು ಇನ್ನೂ ಸುಲಭವಾಗುತ್ತದೆ. ಇದೇ ರೀತಿ ಹುಣ್ಣಿಮೆ, ಮಂಗಳವಾರ, ಶುಕ್ರವಾರಗಳಂದು ಹುಲಿಗಿಯ ಕಡೆಗೆ ಹೋಗುವ ರಸ್ತೆಗಳನ್ನು ಬಿಟ್ಟುಬಿಡಿ. ಅಮ್ಮನವರ ದರ್ಶನಕ್ಕೆ ನಡೆದು ಬರುವವರ ಮಧ್ಯೆ ಸೈಕಲ್ ಓಡಿಸುವುದು ಇಬ್ಬರಿಗೂ ನ್ಯಾಯವಲ್ಲ. ರೈಲ್ವೆ ಗೇಟು ಇರುವ ಮಾರ್ಗವೂ ಬೇಡ. ಮುಚ್ಚಿದ ಗೇಟಿನ ಕೆಳಗೆ ನುಸುಳಿದ ಸವಾರನನ್ನು ಸ್ಪರ್ಧೆಯಿಂದ ಹೊರಹಾಕಬೇಕೆಂಬುದು ಈ ಕ್ರೀಡೆಯ ನಿಯಮ, ಆದರೆ ಅಂತಹ ಆಸೆ ಹುಟ್ಟುವ ಸಂದರ್ಭವನ್ನೇ ಸಂಘಟಕರು ತಂದೊಡ್ಡಬಾರದು.

ಪ್ರಶ್ನೆ: ನಮ್ಮ ಕ್ಲಬ್ಬಿನಲ್ಲಿ ಚಿಪ್ ಇರುವ ಸಮಯಮಾಪನ ಯಂತ್ರ ಕೊಳ್ಳುವಷ್ಟು ಹಣವಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಾನೊಬ್ಬನೇ ಸಮಯ ಬರೆದೆ. ಒಟ್ಟಿಗೆ ಮೂವರು ಬಂದಾಗ ಗೊಂದಲವಾಗಿ, ಫಲಿತಾಂಶ ತಪ್ಪೆಂದು ಒಬ್ಬ ಸವಾರನ ಮನೆಯವರು ದೂರಿದರು. ಇನ್ನೊಬ್ಬ ಸವಾರನು ಬೇರೆಯವರ ಹಿಂದೆ ಗಾಳಿಮರೆಯಲ್ಲಿ ಬಂದನೆಂಬ ಆಪಾದನೆಯೂ ಬಂತು. ಯಂತ್ರವಿಲ್ಲದೆ ಸರಿಯಾಗಿ ಸಮಯ ಹಿಡಿಯಲು ಆಗುವುದೇ?
— ಓದುಗರು, ಕುಷ್ಟಗಿ

ಉತ್ತರ: ಟೈಮ್ ಟ್ರಯಲ್ ಆದರೆ ಖಂಡಿತ ಆಗುತ್ತದೆ, ಒಬ್ಬರಿಂದ ಮಾತ್ರ ಆಗುವುದಿಲ್ಲ. ಕನಿಷ್ಠ ಮೂವರು ಬೇಕು: ಗೆರೆಯ ನೇರಕ್ಕೆ ನಿಂತು ಸವಾರನ ಮುಂದಿನ ಚಕ್ರ ಮುಟ್ಟಿದ ಕ್ಷಣವನ್ನು ಕೂಗುವವರು ಒಬ್ಬರು, ಗಡಿಯಾರವನ್ನೇ ನೋಡುತ್ತಾ ಆ ಕ್ಷಣದ ಸಮಯವನ್ನು ಓದಿ ಬರೆಯುವವರು ಇನ್ನೊಬ್ಬರು, ಗೆರೆಯಿಂದ ಮುಂದೆ ಸ್ವಲ್ಪ ದೂರದಲ್ಲಿ ನಿಂತು ಬೆನ್ನಿನ ಸಂಖ್ಯೆಗಳನ್ನು ಬಂದ ಕ್ರಮದಲ್ಲಿ ಬರೆಯುವವರು ಮತ್ತೊಬ್ಬರು. ಕೊನೆಗೆ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಸರಿಹೊಂದಿಸಬೇಕು. ಸ್ಟಾಪ್‌ವಾಚಿನ ಬದಲು ದಿನದ ಗಡಿಯಾರವನ್ನೇ ಬಳಸುವುದು ವಾಸಿ. ಏಳು ಗಂಟೆ 12 ನಿಮಿಷಕ್ಕೆ ಹೊರಟ ಸವಾರ ಏಳು ಗಂಟೆ 43 ನಿಮಿಷ 26 ಸೆಕೆಂಡಿಗೆ ಗೆರೆ ಮುಟ್ಟಿದರೆ ಅವನ ಸಮಯ 31 ನಿಮಿಷ 26 ಸೆಕೆಂಡು. ಈ ಲೆಕ್ಕವನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು, ಬೆರಳು ತಪ್ಪಿ ಒತ್ತಿ ಎಲ್ಲವೂ ಅಳಿಸಿಹೋಗುವ ಭಯವಿಲ್ಲ. ಆರಂಭದಲ್ಲಿರುವವರ ಮತ್ತು ಮುಕ್ತಾಯದಲ್ಲಿರುವವರ ಗಡಿಯಾರಗಳನ್ನು ಸ್ಪರ್ಧೆಗೆ ಮೊದಲು ಒಟ್ಟಿಗೆ ಹಿಡಿದು ಹೊಂದಿಸಿಕೊಂಡಿರಬೇಕು. ತಡವಾಗಿ ಆರಂಭದ ಗೆರೆಗೆ ಬಂದವನ ಸಮಯವನ್ನೂ ಅವನಿಗೆ ಗೊತ್ತುಪಡಿಸಿದ ನಿಮಿಷದಿಂದಲೇ ಎಣಿಸಬೇಕು. ಅಲ್ಲಿ ಸೈಕಲನ್ನು ಹಿಂದಿನಿಂದ ಹಿಡಿದು ನಿಲ್ಲುವ ಸ್ವಯಂಸೇವಕರು ಕೈಬಿಡಬೇಕೇ ಹೊರತು ಮುಂದಕ್ಕೆ ತಳ್ಳುವಂತಿಲ್ಲ. ಬೇಕಾದವರನ್ನು ಬಲವಾಗಿ ತಳ್ಳಿಬಿಟ್ಟರೆ ಉಳಿದವರಿಗೆ ಮೋಸವಾಗುತ್ತದೆ.

ಮನುಷ್ಯನ ಕಣ್ಣು ಮತ್ತು ಬೆರಳಿಗೆ ಮಿತಿಯಿದೆ, ಆದ್ದರಿಂದ ಕೈಯಿಂದ ಹಿಡಿದ ಸಮಯವನ್ನು ಪೂರ್ಣ ಸೆಕೆಂಡುಗಳಲ್ಲಿಯೇ ಪ್ರಕಟಿಸಿ. ಒಂದೇ ಸೆಕೆಂಡಿನಲ್ಲಿ ಇಬ್ಬರಿದ್ದರೆ ಇಬ್ಬರಿಗೂ ಅದೇ ಸ್ಥಾನ ಕೊಡಿ. ಎಲ್ಲರೂ ಒಟ್ಟಿಗೆ ಹೊರಡುವ ಸ್ಪರ್ಧೆಯಲ್ಲಿ ಗೆರೆಯ ಮೇಲೆ ಹಲವರು ಒಮ್ಮೆಗೇ ಬರುವುದರಿಂದ ಅಲ್ಲಿ ಸಮಯಕ್ಕಿಂತ ಕ್ರಮವೇ ಮುಖ್ಯ; ಅದಕ್ಕಾಗಿ ಗೆರೆಯ ನೇರಕ್ಕೆ, ಅಡ್ಡವಾಗಿ, ಸ್ಟ್ಯಾಂಡಿನ ಮೇಲೆ ಒಂದು ಮೊಬೈಲನ್ನು ಅಲುಗದಂತೆ ಬಿಗಿದು ನಿಧಾನಗತಿಯ ವಿಡಿಯೊ ಚಿತ್ರೀಕರಿಸಿ. ಯುಸಿಐ ಎಂದು ಕರೆಯಲಾಗುವ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಮುಕ್ತಾಯದ ಗೆರೆಯೆಂದರೆ 72 ಸೆಂಟಿಮೀಟರ್ ಅಗಲದ ಬಿಳಿ ಪಟ್ಟಿಯ ನಡುವೆ 4 ಸೆಂಟಿಮೀಟರ್ ಅಗಲದ ಕಪ್ಪು ಗೆರೆ. ಬಿಳಿಯ ಮೇಲೆ ಕಪ್ಪು ಇರುವುದರಿಂದ ವಿಡಿಯೊದಲ್ಲಿ ಚಕ್ರದ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಸುಣ್ಣದ ಪುಡಿ ಉದುರಿಸಿ ಎಳೆದ ಗೆರೆ ನಾಲ್ಕು ಸೈಕಲ್ ಹಾದುಹೋಗುವಷ್ಟರಲ್ಲಿ ಹರಡಿಬಿಡುತ್ತದೆ.

ಗಾಳಿಮರೆಯ ಆಪಾದನೆಯನ್ನು ಹಗುರವಾಗಿ ನೋಡಬೇಡಿ, ಇನ್ನೊಬ್ಬರ ಬೆನ್ನ ಹಿಂದೆ ಬಂದವನಿಗೆ ಶ್ರಮ ಬಹಳ ಕಡಿಮೆಯಾಗುತ್ತದೆ. ಟೈಮ್ ಟ್ರಯಲಿನಲ್ಲಿ ಒಬ್ಬರನ್ನು ದಾಟುವಾಗ ಪಕ್ಕಕ್ಕೆ ಎರಡು ಮೀಟರ್ ಅಂತರವಿರಬೇಕು, ಒಂದು ಕಿಲೋಮೀಟರ್ ಕಳೆಯುವಷ್ಟರಲ್ಲಿ ಹಿಂದೆ ಬಿದ್ದವರು ಕನಿಷ್ಠ 25 ಮೀಟರ್ ದೂರ ಉಳಿಯಬೇಕು. ಇದನ್ನು ನೋಡಲು ಮಾರ್ಗದ ಮಧ್ಯದಲ್ಲಿ ಒಬ್ಬರನ್ನು ನಿಲ್ಲಿಸಿ, ಕಂಡ ಸಂಖ್ಯೆಗಳನ್ನೂ ಸಮಯವನ್ನೂ ಆಗಿಂದಾಗಲೇ ಬರೆದಿಡುವಂತೆ ಹೇಳಿ. ಸ್ಪರ್ಧೆ ಮುಗಿದ ಮೇಲೆ ನೆನಪಿನಿಂದ ಹೇಳಿದ ಮಾತಿನ ಮೇಲೆ ಯಾರನ್ನೂ ಶಿಕ್ಷಿಸಬಾರದು. ಆ ಮನೆಯವರನ್ನು ಕರೆದು, ನಿಮ್ಮ ಕೈಯಲ್ಲಿರುವ ಪಟ್ಟಿಯನ್ನು ಅವರ ಮುಂದಿಟ್ಟು, ಎಲ್ಲಿ ಖಚಿತವಿಲ್ಲವೋ ಅಲ್ಲಿ ಖಚಿತವಿಲ್ಲವೆಂದೇ ಹೇಳಿಬಿಡಿ. ಮುಂದಿನ ಬಾರಿ ತಾತ್ಕಾಲಿಕ ಫಲಿತಾಂಶವನ್ನು ಗೋಡೆಗೆ ಅಂಟಿಸಿ, ಆಕ್ಷೇಪಣೆಗೆ ಹದಿನೈದು ನಿಮಿಷ ಕೊಟ್ಟು, ಅದಾದ ಮೇಲೆಯೇ ಬಹುಮಾನ ಹಂಚಿ.

ಪ್ರಶ್ನೆ: ನಮ್ಮ ಸ್ಪರ್ಧೆ ಆರು ಗಂಟೆಗೆಂದು ಹೇಳಿ ಏಳೂವರೆಗೆ ಆರಂಭವಾಯಿತು. ಮುಖ್ಯ ಅತಿಥಿಗಳು ಬರುವುದು ತಡವಾಯಿತು. ದೂರದಲ್ಲಿ ನಿಂತಿದ್ದ ನಮಗೆ ತಿಂಡಿಯೂ ತಲುಪಲಿಲ್ಲ. ಇದನ್ನು ಸಂಘಟಕರಿಗೆ ಹೇಳುವುದು ತಪ್ಪೇ?
— ಓದುಗರು, ಯಲಬುರ್ಗಾ

ಉತ್ತರ: ತಪ್ಪಲ್ಲ, ಹೇಳಲೇಬೇಕು. ಮೈ ಬಿಸಿ ಮಾಡಿಕೊಂಡು ಸಿದ್ಧರಾದ ಮಕ್ಕಳನ್ನು ಹಾರ ತುರಾಯಿಗಾಗಿ ಒಂದೂವರೆ ಗಂಟೆ ಕಾಯಿಸುವುದು ಅವರ ಶ್ರಮಕ್ಕೆ ಮಾಡುವ ಅಗೌರವವೆಂದು ನಾನು ಭಾವಿಸುತ್ತೇನೆ. ಅದಕ್ಕಿಂತ ಮುಖ್ಯವಾಗಿ, ತಂಪಿನಲ್ಲಿ ಮುಗಿಯಬೇಕಾದ ಸ್ಪರ್ಧೆ ಬಿಸಿಲಿಗೆ ಬೀಳುತ್ತದೆ, ಕಾರ್ಖಾನೆಯ ಲಾರಿಗಳೂ ಶಾಲೆಯ ಬಸ್ಸುಗಳೂ ರಸ್ತೆಗಿಳಿಯುವ ಹೊತ್ತಿಗೆ ಸವಾರರು ಇನ್ನೂ ದಾರಿಯಲ್ಲಿರುತ್ತಾರೆ, ಪೊಲೀಸರು ಒಪ್ಪಿದ ಸಮಯವೂ ಮೀರುತ್ತದೆ. ಅತಿಥಿಗಳನ್ನು ಬಹುಮಾನ ವಿತರಣೆಗೆ ಕರೆದರೆ ಈ ತೊಂದರೆಯೇ ಇರುವುದಿಲ್ಲ. ಆ ಹೊತ್ತಿಗೆ ಸವಾರರೂ ನಿಂತವರೂ ಒಂದೇ ಕಡೆ ಸೇರಿರುತ್ತಾರೆ.

ತಿಂಡಿಯ ಮಾತನ್ನು ಸಂಕೋಚವಿಲ್ಲದೆ ಎತ್ತಿರಿ. ಮುಕ್ತಾಯದ ಗೆರೆಯ ಬಳಿ ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ ಹಂಚುವಾಗ ಹತ್ತು ಕಿಲೋಮೀಟರ್ ಆಚೆ ನಿಂತವರ ನೆನಪು ಯಾರಿಗೂ ಆಗುವುದಿಲ್ಲ, ಅವರು ಮರಳುವಷ್ಟರಲ್ಲಿ ಪಾತ್ರೆ ಖಾಲಿಯಾಗಿರುತ್ತದೆ. ಸ್ಪರ್ಧೆ ಆರಂಭವಾಗುವ ಮುನ್ನವೇ ಪೊಟ್ಟಣಗಳನ್ನು ಕಟ್ಟಿ, ಸ್ವಯಂಸೇವಕರನ್ನು ಜಾಗಕ್ಕೆ ಬಿಡುವ ವಾಹನದಲ್ಲಿಯೇ ಕೊಟ್ಟು ಕಳಿಸುವಂತೆ ಹೇಳಿ. ಕೊನೆಯ ಸವಾರನ ಹಿಂದೆ ಬರುವ ವಾಹನದವರ ಬಳಿ ಯಾರು ಎಲ್ಲಿ ನಿಂತಿದ್ದಾರೆಂಬ ಪಟ್ಟಿಯಿರಲಿ. ಅವರು ಒಬ್ಬೊಬ್ಬರನ್ನೇ ಹತ್ತಿಸಿಕೊಂಡು, ಹೆಸರಿನ ಮುಂದೆ ಗುರುತು ಹಾಕುತ್ತಾ ಬಂದರೆ, ಯಾರೂ ದಾರಿಯಲ್ಲಿ ಉಳಿದುಹೋಗುವುದಿಲ್ಲ.